ಶಾಂಪೂ ಬದಲಿಸಿದರೂ ಹೋಗದ ತಲೆಹೊಟ್ಟು

ಹೋದ ವರ್ಷ ಮಂಡ್ಯದ ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಐದು ಶಾಂಪೂ ಬಾಟಲಿಗಳು ಸಾಲಾಗಿ ನಿಂತಿದ್ದವು. ಐದೂ ನನ್ನ ತಮ್ಮನವು. ಒಂದೂ ಪೂರ್ತಿ ಖಾಲಿಯಾಗಿರಲಿಲ್ಲ. ಹೊಸ ಬಾಟಲಿ ತಂದಾಗ ಎರಡು ವಾರ ತಲೆ ಹಗುರ ಅನಿಸುತ್ತಿತ್ತು. ಮೂರನೇ ವಾರ ಮತ್ತೆ ಕೆರೆತ. ಕಪ್ಪು ಅಂಗಿ ಹಾಕಿದರೆ ಹೆಗಲ ಮೇಲೆ ಬಿಳಿ ಪುಡಿ. ಆಗ ಇನ್ನೊಂದು ಬಾಟಲಿ ಬರುತ್ತಿತ್ತು. ಅಮ್ಮ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದರು: "ಎಣ್ಣೆ ಕಾಣದ ತಲೆ ಕಣೋ, ಒಣಗಿ ಉದುರ್ತಾ ಇದೆ. ಕೂತ್ಕೊ, ಎಣ್ಣೆ ಹಾಕ್ತೀನಿ."

ಕೊನೆಗೆ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರ್ ಅವನ ತಲೆ ಬಗ್ಗಿಸಿ, ಅಲ್ಲಲ್ಲಿ ಬೈತಲೆ ತೆಗೆದು ಬೆಳಕು ಬಿಟ್ಟು ನೋಡಿದರು. ಕಿವಿಯ ಹಿಂದೆ ನೋಡಿದರು. ಆಮೇಲೆ ಹುಬ್ಬು, ಮೂಗಿನ ಪಕ್ಕ, ಮೊಣಕೈ. ಕೈಬೆರಳ ಉಗುರುಗಳನ್ನೂ ಒಂದೊಂದಾಗಿ ನೋಡಿದರು. ತಲೆಹೊಟ್ಟಿಗೆ ಉಗುರು ಯಾಕೆ ನೋಡ್ತಾರೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಎಲ್ಲ ಆದ ಮೇಲೆ ಒಂದು ಪ್ರಶ್ನೆ ಕೇಳಿದರು.

"ಶಾಂಪೂ ಹಚ್ಚಿ ಎಷ್ಟು ಹೊತ್ತು ಬಿಡ್ತೀರಾ?"

"ಬಿಡೋದೇನು ಮೇಡಂ, ನೊರೆ ಬಂದ ತಕ್ಷಣ ತೊಳ್ಕೊಂಡ್ಬಿಡ್ತೀನಿ."

"ಅದಕ್ಕೇ," ಅಂದರು ಅವರು.

ಆ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ಉಳಿದರ್ಧ ತಿಳಿಯಬೇಕಾದರೆ ಈ ಹೊಟ್ಟು ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ನಮ್ಮ ಕಡೆ ಎಷ್ಟೋ ಹುಡುಗರು, ಹುಡುಗಿಯರು ಇದನ್ನು ಕೊಳಕುತನ ಅಂದುಕೊಂಡು ನಾಚಿಕೆ ಪಡುತ್ತಾರೆ. ಆ ನಾಚಿಕೆಗೆ ಕಾರಣವೇ ಇಲ್ಲ.

ತಲೆಯ ಮೇಲೆ ನಡೆಯುವುದೇನು

ಹೊಟ್ಟು ಅನ್ನುವ ಮಾತನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೈಸ್ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುವ ಭತ್ತದ ಹೊಟ್ಟು ಎಲ್ಲರೂ ನೋಡಿದ್ದೇವೆ. ತಲೆಯಿಂದ ಉದುರುವುದಕ್ಕೂ ನಮ್ಮವರು ಅದೇ ಹೆಸರಿಟ್ಟರು. ಗ್ರೀಕರೂ ಹಾಗೇ ಯೋಚಿಸಿದ್ದಾರೆ. ಹೊಟ್ಟು ಉದುರುವ ಚರ್ಮದ ತೊಂದರೆಗಳಿಗೆ ಡಾಕ್ಟರುಗಳು ಬಳಸುವ ಪಿಟಿರಿಯಾಸಿಸ್ ಅನ್ನುವ ಪದ ಹುಟ್ಟಿದ್ದು ತೌಡು ಅನ್ನುವ ಅರ್ಥದ ಗ್ರೀಕ್ ಮಾತಿನಿಂದ. ಎಲ್ಲೋ ಇದ್ದ ಜನರಿಗೂ ನಮಗೂ ಒಂದೇ ಹೋಲಿಕೆ ಹೊಳೆದಿದೆ ಅಂದರೆ ಈ ತೊಂದರೆ ಎಷ್ಟು ಹಳೆಯದು, ಎಷ್ಟು ಸಾಮಾನ್ಯ ಅಂತ ನೋಡಿ. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಇದನ್ನು ಅನುಭವಿಸುತ್ತಾರೆ.

ನಮ್ಮ ಚರ್ಮ ಸುಮ್ನೆ ಕೂತಿರುವುದಿಲ್ಲ. ಒಳಗಿನಿಂದ ಹೊಸ ಕೋಶಗಳು ಮೇಲೆ ಬರುತ್ತಾ, ಹಳೆಯವು ಸತ್ತು ಉದುರುತ್ತಾ ಇರುತ್ತವೆ. ಈ ಸುತ್ತು ಮುಗಿಯಲು ಸುಮಾರು ಒಂದು ತಿಂಗಳು ಬೇಕು. ಉದುರುವ ಚೂರುಗಳು ತುಂಬಾ ಸಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಹೊಟ್ಟಿರುವ ತಲೆಯಲ್ಲಿ ಈ ಸುತ್ತು ತುಂಬಾ ಬೇಗ ಓಡುತ್ತದೆ. ಕೋಶಗಳು ಪೂರ್ತಿ ಬಲಿಯುವ ಮೊದಲೇ ಮೇಲೆ ಬಂದು, ಒಂದಕ್ಕೊಂದು ಅಂಟಿಕೊಂಡು, ಪದರು ಪದರಾಗಿ ಕಿತ್ತು ಬರುತ್ತವೆ. ಅದೇ ನಮ್ಮ ಹೆಗಲ ಮೇಲೆ ಬೀಳುವ ಬಿಳಿ ಚೂರು.

ಚರ್ಮಕ್ಕೆ ಇಷ್ಟು ಅವಸರ ಯಾಕೆ? ಇಲ್ಲಿ ಮಲಸೇಜಿಯಾ ಅನ್ನುವ ಫಂಗಸ್ಸಿನ ಪಾತ್ರ ದೊಡ್ಡದು. ಬ್ರೆಡ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ದೂರದ ನೆಂಟ ಇದು. 19ನೇ ಶತಮಾನದಲ್ಲಿ ಇದನ್ನು ಗಮನಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಚಾರ್ಲ್ಸ್ ಮಲಸೇ ಅವರಿಂದಲೇ ಈ ಹೆಸರು ಬಂತು. ಇದು ಹೊರಗಿನಿಂದ ಬಂದು ಅಂಟುವ ರೋಗವಲ್ಲ. ನನ್ನ ತಲೆಯಲ್ಲೂ ಇದೆ, ನಿಮ್ಮ ತಲೆಯಲ್ಲೂ ಇದೆ. ಹಾಗಾಗಿ ಒಬ್ಬರ ಬಾಚಣಿಗೆ ಇನ್ನೊಬ್ಬರು ಬಳಸಿದ್ದಕ್ಕೆ ಹೊಟ್ಟು ಬಂತು ಅನ್ನುವುದು ಸರಿಯಲ್ಲ.

ಈ ಫಂಗಸ್ಸಿಗೆ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. 2007ರಲ್ಲಿ ಇದರ ಒಂದು ಪ್ರಭೇದದ ಜೀನುಗಳನ್ನೆಲ್ಲ ಓದಿದಾಗ, ಕೊಬ್ಬಿನಾಮ್ಲ ಕಟ್ಟುವ ಜೀನೇ ಅದರಲ್ಲಿ ಇಲ್ಲ ಅಂತ ಗೊತ್ತಾಯಿತು. ಅದಕ್ಕೇ ಅದು ನಮ್ಮ ತಲೆಯ ಜಿಡ್ಡನ್ನು ನಂಬಿ ಬದುಕುತ್ತದೆ. ಜಿಡ್ಡನ್ನು ಒಡೆದು ತನಗೆ ಬೇಕಾದ್ದು ತಿಂದು, ಬೇಡದ ಕೊಬ್ಬಿನಾಮ್ಲಗಳನ್ನು ಅಲ್ಲೇ ಬಿಡುತ್ತದೆ. ಅದರಲ್ಲಿ ಒಲೀಕ್ ಆಮ್ಲ ಮುಖ್ಯ. ಕೆಲವರ ಚರ್ಮ ಅದನ್ನು ಸಹಿಸಿಕೊಳ್ಳುತ್ತದೆ. ಕೆಲವರದು ಸಹಿಸುವುದಿಲ್ಲ, ಕೆರಳುತ್ತದೆ. ಕೆರಳಿದ ಚರ್ಮ ಕೋಶಗಳನ್ನು ಬೇಗ ಬೇಗ ಮೇಲೆ ತಳ್ಳುತ್ತದೆ.

ಜಿಡ್ಡು, ಫಂಗಸ್, ಸೂಕ್ಷ್ಮ ಚರ್ಮ ಈ ಮೂರೂ ಸೇರಿದರೆ ಹೊಟ್ಟು. ಹರೆಯದಲ್ಲಿ ಜಿಡ್ಡು ಹೆಚ್ಚುವುದರಿಂದ ಶುರುವಾಗುವುದೂ ಆಗಲೇ. ಅದೇ ಇನ್ನೂ ಜೋರಾಗಿ ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ, ಮೀಸೆ ಗಡ್ಡದೊಳಗೆ, ಎದೆಯ ಮೇಲೆ ಕಾಣಿಸಿಕೊಂಡರೆ ಡಾಕ್ಟರುಗಳು ಅದನ್ನು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ. ಪುಸ್ತಕಗಳಲ್ಲಿ ಅಲ್ಲಿ ಕೆಂಪಾಗುತ್ತದೆ ಅಂತ ಬರೆದಿರುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಎಷ್ಟೋ ಸಲ ಆ ಜಾಗ ಸ್ವಲ್ಪ ಬೆಳ್ಳಗಾಗುತ್ತದೆ. ಮನೆಯವರು ತೊನ್ನು ಅಂತ ಹೆದರಿಬಿಡುತ್ತಾರೆ. ತೊನ್ನೇ ಬೇರೆ, ಇದೇ ಬೇರೆ. ಉರಿ ಇಳಿದ ಮೇಲೆ ಈ ಮಚ್ಚೆ ನಿಧಾನಕ್ಕೆ ಮೊದಲಿನ ಬಣ್ಣಕ್ಕೆ ಬರುತ್ತದೆ.

ಅದು ಹೊಟ್ಟೇ ಹೌದಾ?

ಶಾಂಪೂ ಕೆಲಸ ಮಾಡುತ್ತಿಲ್ಲ ಅಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದು. ಡಾಕ್ಟರ್ ಉಗುರು, ಮೊಣಕೈ ನೋಡಿದ್ದು ಸೋರಿಯಾಸಿಸ್ ಅನ್ನುವ ಬೇರೆ ಚರ್ಮದ ಕಾಯಿಲೆ ಇದೆಯಾ ಅಂತ ತಿಳಿಯಲು. ಸೋರಿಯಾಸಿಸ್‌ನಲ್ಲಿ ಹುರುಪೆ ದಪ್ಪ, ಬೆಳ್ಳಿಯಂತೆ ಹೊಳೆಯುತ್ತದೆ. ಕೂದಲಿನ ಗಡಿ ದಾಟಿ ಹಣೆಗೂ ಇಳಿಯುತ್ತದೆ. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿರಬಹುದು. ಮೊಣಕೈ, ಮೊಣಕಾಲಿನ ಮೇಲೂ ಪಟ್ಟೆಗಳಿರಬಹುದು. ಹೊಟ್ಟಿನ ಶಾಂಪೂ ಒಂದರಿಂದಲೇ ಅದು ಹತೋಟಿಗೆ ಬರುವುದು ಕಷ್ಟ.

ಚಿಕ್ಕ ಮಕ್ಕಳ ತಲೆಯಲ್ಲಿ ಹುರುಪೆ ಎದ್ದು, ಅಲ್ಲಿನ ಕೂದಲು ಮುರಿದು ಬೋಳು ಮಚ್ಚೆ ಬಿದ್ದರೆ ಅದು ಹುಳಕಡ್ಡಿ ಇರಬಹುದು. ಅದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಅದಕ್ಕೆ ಹೊಟ್ಟೆಗೆ ಮಾತ್ರೆ ಕೊಡಲೇಬೇಕು, ಬರೀ ಶಾಂಪೂವಿನಿಂದ ವಾಸಿಯಾಗದು. ಶಾಲೆಗೆ ಹೋಗುವ ಮಗುವಿನ ವಿಷಯದಲ್ಲಿ ದಿನ ತಳ್ಳಬೇಡಿ. ಬಿಳಿ ಚುಕ್ಕೆ ಕೂದಲಿಗೇ ಕಚ್ಚಿಕೊಂಡಿದ್ದು, ಉಗುರಿನಿಂದ ಎಳೆದರೂ ಜಾರದಿದ್ದರೆ ಅದು ಹೇನಿನ ಸೀರು. ಹೊಟ್ಟು ಹಾಗೆ ಕಚ್ಚಿಕೊಳ್ಳುವುದಿಲ್ಲ, ತಟ್ಟಿದರೆ ಬೀಳುತ್ತದೆ.

ಹೇರ್ ಡೈ ಹಚ್ಚಿದ ಒಂದೆರಡು ದಿನಕ್ಕೆ ಕೆರೆತ, ನೀರು ಒಸರುವುದು, ಕಿವಿಯ ಸುತ್ತ ಊದುವುದು ಆದರೆ ಅದು ಡೈನಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕದ ಅಲರ್ಜಿ ಇರಬಹುದು. ಆಗ ಡೈ ನಿಲ್ಲಿಸದೆ ಶಾಂಪೂ ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ನಮ್ಮ ಊರಿನದೇ ವಿಷಯ. ಬೋರ್‌ವೆಲ್ ನೀರು ಗಡಸಾಗಿದ್ದು, ತಲೆಗೆ ಮೈ ಸೋಪನ್ನೇ ಹಚ್ಚುವ ಅಭ್ಯಾಸವಿದ್ದರೆ ನೀರಿನ ಕ್ಯಾಲ್ಸಿಯಂ ಸೋಪಿನ ಜತೆ ಸೇರಿ ಬಿಳಿ ಜಿಗುಟಾಗುತ್ತದೆ. ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಜಾತಿಯದು. ತಲೆಯಲ್ಲಿ ಒಣಗಿದರೆ ಥೇಟ್ ಹೊಟ್ಟಿನಂತೆಯೇ ಕಾಣುತ್ತದೆ. ಸರಿಯಾಗಿ ತೊಳೆಯದ ಸೀಗೆಪುಡಿಯೂ ಹಾಗೇ ಬುಡದಲ್ಲಿ ಕೂತುಬಿಡುತ್ತದೆ. ಇಂಥವರಿಗೆ ಔಷಧಿ ಬೇಕಿಲ್ಲ. ಸೋಪು ಬಿಟ್ಟು ಮಾಮೂಲಿ ಶಾಂಪೂ ಹಾಕಿ ಚೆನ್ನಾಗಿ ತೊಳೆದರೆ ಸಾಕು.

ಬಾಟಲಿಯ ಹಿಂಬದಿ ಓದಿ

ತಮ್ಮನ ಐದು ಬಾಟಲಿಗಳನ್ನು ಆ ದಿನ ಸಂಜೆ ಕಿಟಕಿಯ ಹತ್ತಿರ ಇಟ್ಟುಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದೆ. ಒಂದರಲ್ಲಿ ಹೊಟ್ಟಿಗೆ ಬೇಕಾದ ಔಷಧಿಯೇ ಇರಲಿಲ್ಲ. ಬರೀ ನಿಂಬೆಯ ಚಿತ್ರ ಇತ್ತು. ಉಳಿದ ನಾಲ್ಕೂ ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಮಾತ್ರ ಒಂದೇ: ಜಿಂಕ್ ಪೈರಿಥಿಯೋನ್. ಅಂದರೆ ಅವನು ನಾಲ್ಕು ಸಲ ಶಾಂಪೂ ಬದಲಿಸಿದ್ದ, ಔಷಧಿಯನ್ನು ಒಂದು ಸಲವೂ ಬದಲಿಸಿರಲಿಲ್ಲ. ಎಷ್ಟು ಜನ ಹೀಗೇ ದುಡ್ಡು ಕಳೆದುಕೊಳ್ಳುತ್ತಿದ್ದಾರೋ ಅಂತ ನನಗೆ ನಿಜಕ್ಕೂ ಬೇಜಾರಾಯಿತು.

ಜಿಂಕ್ ಪೈರಿಥಿಯೋನ್ ಕೆಟ್ಟ ಔಷಧಿಯಲ್ಲ. ಹಗುರ ಹೊಟ್ಟಿಗೆ ಅದೇ ಸಾಕು. ಅಂಗಡಿ ಶಾಂಪೂಗಳಲ್ಲಿ ಇದು ಸಾಮಾನ್ಯವಾಗಿ 1%ರ ಆಸುಪಾಸು ಇರುತ್ತದೆ. ಪಿರೋಕ್ಟೋನ್ ಒಲಮೈನ್ ಅಂತ ಬರೆದಿದ್ದರೆ ಅದೂ ಇದೇ ಸಾಲಿನದು. ಇವೆರಡರಿಂದ ಆಗಲಿಲ್ಲ ಅಂದರೆ ಮುಂದಿನ ಮೆಟ್ಟಿಲು ಕೀಟೋಕೊನಜೋಲ್ 2%. ಇದು ಸಿಗುವುದು ಮೆಡಿಕಲ್ ಶಾಪಿನಲ್ಲಿ. ಫಂಗಸ್ಸಿನ ಕೋಶದ ಪೊರೆ ಕಟ್ಟುವುದನ್ನೇ ಇದು ತಡೆಯುತ್ತದೆ. ಹಠ ಹಿಡಿದ ಹೊಟ್ಟಿಗೆ ಚರ್ಮದ ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ಇದನ್ನೇ.

ಸೆಲೀನಿಯಂ ಸಲ್ಫೈಡ್ ಇನ್ನೊಂದು. ಫಂಗಸ್ಸಿನ ಜತೆಗೆ ಕೋಶಗಳ ಅವಸರವನ್ನೂ ತಗ್ಗಿಸುತ್ತದೆ. ವಾಸನೆ ಸ್ವಲ್ಪ ಜೋರು. ಹಚ್ಚುವ ಮುಂಚೆ ಬೆಳ್ಳಿ ಉಂಗುರ, ಸರ ತೆಗೆದಿಡಿ, ಕಪ್ಪಾಗುತ್ತವೆ. ಸ್ಯಾಲಿಸಿಲಿಕ್ ಆಮ್ಲ ಫಂಗಸ್ಸಿಗಿಂತ ಹೆಚ್ಚಾಗಿ ಹುರುಪೆಯ ಮೇಲೆ ಕೆಲಸ ಮಾಡುತ್ತದೆ. ಒಣಗಿದ ಗದ್ದೆಯ ಮಣ್ಣಿನಂತೆ ದಪ್ಪಗೆ ಕಟ್ಟಿರುವ ಹೊಟ್ಟಿನ ಮೇಲೆ ಎಂಥ ಔಷಧಿ ಸುರಿದರೂ ಅದು ಕೆಳಗಿನ ಚರ್ಮ ಮುಟ್ಟುವುದಿಲ್ಲ. ಮೊದಲು ಆ ಪದರ ಸಡಿಲವಾಗಬೇಕು. ಕೆಲವು ತಲೆಗಳಿಗೆ ಕೀಟೋಕೊನಜೋಲ್ ಕೂಡ ಹತ್ತಲಿಲ್ಲ ಅನಿಸುವುದಕ್ಕೆ ಇದೇ ಕಾರಣ. ಕೋಲ್ ಟಾರ್ ಶಾಂಪೂವೂ ಇದೆ. ಹಳೇ ಕಾಲದ ಔಷಧಿ, ಕೆಲಸ ಮಾಡುತ್ತದೆ. ಆದರೆ ಬಟ್ಟೆಗೆ ಕಲೆ ಹಿಡಿಯುತ್ತದೆ, ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಗದ್ದೆ ಕೆಲಸ ಮಾಡುವವರಿಗೆ ನಾನಂತೂ ಇದನ್ನು ಮೊದಲ ಆಯ್ಕೆ ಅಂತ ಹೇಳುವುದಿಲ್ಲ.

ಆ ಐದು ನಿಮಿಷ

ಮಾಮೂಲಿ ಶಾಂಪೂವಿನ ಕೆಲಸ ಕೂದಲ ಕೊಳೆ ತೆಗೆಯುವುದು. ನೊರೆ ಬಂದ ಕೂಡಲೇ ಅದರ ಕೆಲಸ ಮುಗಿಯಿತು. ಔಷಧಿ ಶಾಂಪೂ ಹಾಗಲ್ಲ. ಅದು ಬಾಟಲಿಯಲ್ಲಿರುವ ಮುಲಾಮು ಅಂದುಕೊಳ್ಳಿ. ಕೈಗೆ ಮುಲಾಮು ಹಚ್ಚಿ ಹತ್ತು ಸೆಕೆಂಡಿಗೆ ತೊಳೆದುಬಿಟ್ಟರೆ ಏನು ಬಂತು? ತಲೆಯ ವಿಷಯದಲ್ಲಿ ನಾವೆಲ್ಲ ಮಾಡುವುದು ಅದನ್ನೇ ಅಲ್ವಾ.

ಡಾಕ್ಟರ್ ತಮ್ಮನಿಗೆ ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲು ಮಾಮೂಲಿ ಶಾಂಪೂ ಹಾಕಿ ಎಣ್ಣೆ, ಧೂಳು, ಬೆವರು ತೊಳೆಯಬೇಕು. ಜಿಡ್ಡಿರುವ ತಲೆಗೆ ನೇರ ಔಷಧಿ ಹಚ್ಚಿದರೆ ಅದು ಜಿಡ್ಡಿನ ಜತೆ ಹೋರಾಡಿಯೇ ಮುಗಿದುಹೋಗುತ್ತದೆ. ಆಮೇಲೆ ಔಷಧಿ ಶಾಂಪೂವನ್ನು ಅಂಗೈಗೆ ಹಾಕಿಕೊಂಡು, ಬೈತಲೆ ತೆಗೆದ ಹಾಗೆ ಕೂದಲು ಸರಿಸಿ, ಬುಡಕ್ಕೇ ಹಚ್ಚಬೇಕು. ಹಚ್ಚುವುದು ಬೆರಳ ತುದಿಯಿಂದ, ಉಗುರಿನಿಂದ ಕೆರೆಯಬಾರದು. ಹುಬ್ಬು, ಕಿವಿಯ ಹಿಂದೆ, ಗಡ್ಡದಲ್ಲಿ ಹೊಟ್ಟಿದ್ದರೆ ಕಣ್ಣಿಗೆ ಹೋಗದ ಹಾಗೆ ಅಲ್ಲಿಗೂ ಸ್ವಲ್ಪ ನೊರೆ ಸವರಬೇಕು. ಮೂರರಿಂದ ಐದು ನಿಮಿಷ ಹಾಗೇ ಬಿಡಬೇಕು. ಆಮೇಲೆ ಚೆನ್ನಾಗಿ ತೊಳೆಯಬೇಕು. ನೀರು ಕುದಿಯುವಷ್ಟು ಬಿಸಿ ಬೇಡ, ಹದ ಬೆಚ್ಚಗಿದ್ದರೆ ಸಾಕು.

ಐದು ನಿಮಿಷ ಕೇಳಲು ಸಣ್ಣದು. ಬಚ್ಚಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೆ ಅದು ಮುಗಿಯುವುದೇ ಇಲ್ಲ. ತಮ್ಮ ಮೊದಲ ದಿನ ಒಂದು ನಿಮಿಷಕ್ಕೇ ಸಾಕು ಅಂದುಕೊಂಡಿದ್ದ. ಆಮೇಲೆ ಔಷಧಿ ಹಚ್ಚಿದ ಮೇಲೆ ಮೈಗೆ ಸೋಪು ಹಚ್ಚುವುದು, ಕಾಲು ಉಜ್ಜುವುದು ಎಲ್ಲ ಮುಗಿಸಿ, ಕೊನೆಯಲ್ಲಿ ತಲೆ ತೊಳೆಯಲು ಶುರು ಮಾಡಿದ. ಸಮಯ ತಾನಾಗೇ ಆಗುತ್ತಿತ್ತು. ಈ ಉಪಾಯ ಎಲ್ಲರಿಗೂ ಹೇಳುವಂಥದ್ದು.

ಕೀಟೋಕೊನಜೋಲ್ ಆದರೆ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ದಿನಾ ಬೇಡ. ನಡುವಿನ ದಿನಗಳಲ್ಲಿ ತಲೆ ತೊಳೆಯಬೇಕಾದರೆ ಮಾಮೂಲಿ ಶಾಂಪೂ ಸಾಕು.

ಇಲ್ಲಿ ಬಹಳ ಜನ ಎಡವುವ ಇನ್ನೊಂದು ಕಡೆ ಇದೆ. ನಾಲ್ಕು ವಾರಕ್ಕೆ ತಲೆ ಸ್ವಚ್ಛವಾಗುತ್ತದೆ, ಬಾಟಲಿ ಎತ್ತಿಡುತ್ತಾರೆ. ಒಂದೆರಡು ತಿಂಗಳಿಗೆ ಹೊಟ್ಟು ವಾಪಸ್. "ಆ ಶಾಂಪೂ ನಂಗೆ ಈಗ ಹತ್ತೋದಿಲ್ಲ" ಅನ್ನುತ್ತಾರೆ. ಶಾಂಪೂ ಹತ್ತಿತ್ತು, ನಿಲ್ಲಿಸಿದ್ದಕ್ಕೆ ವಾಪಸ್ ಬಂತು ಅಷ್ಟೇ. ಫಂಗಸ್ ನಮ್ಮ ಚರ್ಮದ ಖಾಯಂ ನಿವಾಸಿ, ಅದನ್ನು ಪೂರ್ತಿ ಓಡಿಸಲು ಆಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಹಾಗಾಗಿ ತಲೆ ಸರಿಹೋದ ಮೇಲೂ ವಾರಕ್ಕೆ ಒಂದು ಸಲ, ಇಲ್ಲವೇ ಹದಿನೈದು ದಿನಕ್ಕೆ ಒಂದು ಸಲ ಅದೇ ಔಷಧಿ ಶಾಂಪೂ ಹಾಕುತ್ತಾ ಇರಬೇಕು. ನಮ್ಮ ಕಡೆ ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಹೊಟ್ಟು ಜಾಸ್ತಿ. ಆ ಎರಡು ತಿಂಗಳು ತಪ್ಪಿಸದೆ ಹಾಕಿ.

ಸರಿಯಾಗಿ ಹಚ್ಚಿ, ಸರಿಯಾಗಿ ಬಿಟ್ಟು, ನಾಲ್ಕು ವಾರ ನೋಡಿದರೂ ಒಂದು ಔಷಧಿಯಿಂದ ಆಗಲಿಲ್ಲ ಅಂದರೆ ಬೇರೆ ಔಷಧಿ ಇರುವ ಶಾಂಪೂಗೆ ಹೋಗುವುದು ಸರಿ. ಎರಡನ್ನು ಬದಲಾಯಿಸಿ ಬದಲಾಯಿಸಿ ಬಳಸಲು ಹೇಳುವ ಡಾಕ್ಟರುಗಳೂ ಇದ್ದಾರೆ. ಬದಲಿಸುವಾಗ ಹಿಂಬದಿಯ ಅಕ್ಷರ ನೋಡಿ ಬದಲಿಸಿ.

ಎಣ್ಣೆ, ನಿಂಬೆಹಣ್ಣು, ಹೆಲ್ಮೆಟ್

ಅಮ್ಮನ ಎಣ್ಣೆಯ ಮಾತಿಗೆ ಬರೋಣ. ನಮ್ಮ ಕಡೆ ಎಣ್ಣೆಸ್ನಾನ ಅಂದರೆ ಪ್ರೀತಿ. ಹಬ್ಬಕ್ಕೆ ಹರಳೆಣ್ಣೆ ಹಚ್ಚಿ, ಹಂಡೆ ನೀರು ಹುಯ್ದು, ಸೀಗೆಪುಡಿಯಿಂದ ಉಜ್ಜುವ ಕೈಯನ್ನು ಬೇಡ ಅನ್ನಲು ಯಾರಿಗೂ ಮನಸ್ಸಾಗುವುದಿಲ್ಲ. ಬೇಡ ಅನ್ನಬೇಕಾಗೂ ಇಲ್ಲ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಎಣ್ಣೆ ಹಚ್ಚಿದರೆ ಹುರುಪೆ ಮೆತ್ತಗಾಗಿ ಸುಲಭವಾಗಿ ಬಿಡುತ್ತದೆ. ತೊಂದರೆ ಇರುವುದು ಹಚ್ಚಿದ ಎಣ್ಣೆಯನ್ನು ರಾತ್ರಿಯೆಲ್ಲ, ಎರಡು ಮೂರು ದಿನ ಹಾಗೇ ಬಿಡುವುದರಲ್ಲಿ. ನಾವು ಅಡುಗೆಗೆ, ತಲೆಗೆ ಬಳಸುವ ಎಣ್ಣೆಗಳಲ್ಲಿ ಇರುವುದೂ ಕೊಬ್ಬಿನಾಮ್ಲಗಳೇ. ಅದನ್ನೇ ತಿಂದು ಬದುಕುವ ಫಂಗಸ್ಸಿಗೆ ಊಟ ಬಡಿಸಿಟ್ಟ ಹಾಗಾಗುತ್ತದೆ. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಈಗ ಭಾನುವಾರ ಬೆಳಗ್ಗೆ ಹಚ್ಚುತ್ತಾರೆ, ತಿಂಡಿ ಆಗುವಷ್ಟರಲ್ಲಿ ತೊಳೆದುಕೋ ಅನ್ನುತ್ತಾರೆ.

ನಿಂಬೆರಸ ಮಾತ್ರ ಬೇಡ. ಅದರ ಹುಳಿ ಕೆರೆದು ಗಾಯವಾದ ಚರ್ಮವನ್ನು ಉರಿಸುತ್ತದೆ. ರಸ ತಾಗಿದ ಚರ್ಮ ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪಾಗುವುದೂ ಉಂಟು. ಮೊಸರು, ಮೆಂತ್ಯ ತಂಪು ಕೊಡಬಹುದು, ಹಠ ಹಿಡಿದ ಹೊಟ್ಟಿಗೆ ಅದನ್ನೇ ನಂಬಿ ತಿಂಗಳುಗಟ್ಟಲೆ ಕಾಯಬೇಡಿ.

ತಮ್ಮ ದಿನಾ ಮಂಡ್ಯದಿಂದ ಮದ್ದೂರಿಗೆ ಬೈಕಿನಲ್ಲಿ ಹೋಗಿ ಬರುತ್ತಾನೆ. ತಲೆ ಒದ್ದೆ ಇರುವಾಗಲೇ ಹೆಲ್ಮೆಟ್ ಹಾಕಿಕೊಂಡು ಹೊರಡುತ್ತಿದ್ದ. ಬೆವರು, ಶಾಖ, ಗಾಳಿಯಾಡದ ಜಾಗ, ಕೆರೆತ ಹೆಚ್ಚಲು ಇಷ್ಟು ಸಾಕು. ಹೆಲ್ಮೆಟ್ ಬಿಡುವ ಮಾತೇ ಇಲ್ಲ, ಅದು ಜೀವದ ಪ್ರಶ್ನೆ. ತಲೆ ಒಣಗಿಸಿ ಹಾಕಿ, ಒಳಗೆ ಒಂದು ತೆಳು ಹತ್ತಿ ಬಟ್ಟೆ ಕಟ್ಟಿ, ಅದನ್ನು ದಿನಾ ಒಗೆಯಿರಿ. ಹೆಲ್ಮೆಟ್ಟಿನ ಒಳಗಿನ ಮೆತ್ತೆ ಬಿಚ್ಚಲು ಬಂದರೆ ಅದನ್ನೂ ಆಗಾಗ ತೊಳೆಯಿರಿ. ನಿದ್ದೆಗೆಟ್ಟಾಗ, ಮನಸ್ಸಿಗೆ ಒತ್ತಡ ಇದ್ದಾಗ ಹೊಟ್ಟು ಜಾಸ್ತಿ ಆಗುವುದನ್ನೂ ಅವನು ಗಮನಿಸಿದ್ದಾನೆ. ಅದು ಭ್ರಮೆಯಲ್ಲ, ಡಾಕ್ಟರುಗಳೂ ಒಪ್ಪುವ ಮಾತು.

ಡಾಕ್ಟರ್ ಹತ್ತಿರ ಯಾವಾಗ

ಔಷಧಿ ಶಾಂಪೂ ಸರಿಯಾಗಿ ಬಳಸಿ ನಾಲ್ಕು ವಾರವಾದರೂ ಬದಲಾವಣೆ ಕಾಣದಿದ್ದರೆ ಹೋಗಿ. ನೀರು ಒಸರುತ್ತಿದ್ದರೆ, ಕೀವು ಇದ್ದರೆ, ಕೂದಲು ಮಚ್ಚೆ ಮಚ್ಚೆಯಾಗಿ ಉದುರುತ್ತಿದ್ದರೆ ನಾಲ್ಕು ವಾರವೂ ಕಾಯಬೇಡಿ. ಹಿಂದೆ ಇರದಿದ್ದ ಹೊಟ್ಟು ದೊಡ್ಡ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮುಖ, ಎದೆಗೆಲ್ಲ ಜೋರಾಗಿ ಹಬ್ಬಿದರೂ ತೋರಿಸಬೇಕು. ಪಾರ್ಕಿನ್ಸನ್ ಕಾಯಿಲೆ, ಎಚ್‌ಐವಿಯಂಥ ತೊಂದರೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಔಷಧಿ ಶಾಂಪೂ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ. ಎಳೆಗೂಸಿನ ತಲೆಯಲ್ಲಿ ಕಟ್ಟುವ ಹಳದಿ ಹುರುಪೆ ಬಗ್ಗೆ ಮಾತ್ರ ಗಾಬರಿ ಬೇಡ, ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತದೆ.

ಕೆರೆತ ಬಹಳ ಇದ್ದರೆ ಡಾಕ್ಟರ್ ಸ್ವಲ್ಪ ದಿನಕ್ಕೆ ಸ್ಟೀರಾಯ್ಡ್ ಲೋಷನ್ ಕೊಡಬಹುದು. ಅದು ಉರಿಯನ್ನು ಬೇಗ ಇಳಿಸುತ್ತದೆ. ಬೇಗ ಇಳಿಸುವುದರಿಂದಲೇ ಅಪಾಯ. ಜನ ಅದನ್ನು ತಾವೇ ಮತ್ತೆ ಮತ್ತೆ ಕೊಂಡು ತಿಂಗಳುಗಟ್ಟಲೆ ಹಚ್ಚುತ್ತಾರೆ. ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ಹಿಂದಿಗಿಂತ ಜೋರಾಗಿ ವಾಪಸ್ ಬರುತ್ತದೆ. ಮುಖಕ್ಕಂತೂ ಕೇಳದೆ ಹಚ್ಚಲೇಬಾರದು. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದ್ದು ಇಂಥ ಕಾರಣಕ್ಕೇ. ಕೀಟೋಕೊನಜೋಲ್ ಮಾತ್ರೆಯ ಬಗ್ಗೆಯೂ ಹುಷಾರು. ಶಾಂಪೂ ಬೇರೆ, ಮಾತ್ರೆ ಬೇರೆ. ಮಾತ್ರೆ ಲಿವರ್‌ಗೆ ಪೆಟ್ಟು ಕೊಡಬಲ್ಲದು ಅಂತ ಅಮೆರಿಕದ ಔಷಧಿ ಇಲಾಖೆ 2013ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹೊಟ್ಟಿಗೆ ಅಂತ ಅದನ್ನು ಯಾರ ಮಾತು ಕೇಳಿಯೂ ನುಂಗಬೇಡಿ. ತೀರಾ ಜೋರಾಗಿದ್ದರೆ ಕೊಡಬಹುದಾದ ಬೇರೆ ಮಾತ್ರೆಗಳಿವೆ, ಅದನ್ನು ಡಾಕ್ಟರೇ ನೋಡಿ ಬರೆಯಬೇಕು.

ಖಾಸಗಿ ಕ್ಲಿನಿಕ್‌ಗೇ ಹೋಗಬೇಕು ಅಂತಿಲ್ಲ. ಸರ್ಕಾರಿ ಆಸ್ಪತ್ರೆಗಳಾದ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಚರ್ಮದ ವಿಭಾಗ ಇದೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಹಚ್ಚಿದರೆ ಹುರುಪೆ ಸರಿಯಾಗಿ ಕಾಣುವುದಿಲ್ಲ. ಹಿಂದಿನ ದಿನವೇ ಉಜ್ಜಿ ತೊಳೆದು ಹೋಗುವುದೂ ಬೇಡ. ಇಲ್ಲಿಯವರೆಗೆ ಬಳಸಿದ ಶಾಂಪೂ, ಲೋಷನ್, ಡೈ ಎಲ್ಲದರ ಹಿಂಬದಿಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಎಷ್ಟು ಹೊತ್ತು ಬಿಡ್ತೀರಾ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ.